ಭಾಷೆ ಬರದಿದ್ದರೂ ‘ರಿಗೊಲೆಟ್ಟೊ’ದಿಂದ ಶುರು ಮಾಡಿ

ಇಟಾಲಿಯನ್ ಬರುವುದಿಲ್ಲ, ಅಲ್ಲಿನ ದುರಂತ ಆಪೆರಾಗಳನ್ನು, ಅಂದರೆ ಹಾಡಿನಲ್ಲೇ ಸಾಗುವ ನಾಟಕಗಳನ್ನು, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಇಟಲಿಯ ಸಂಗೀತಕಾರ ವೆರ್ದಿಯ ‘ರಿಗೊಲೆಟ್ಟೊ’. 1851ರಲ್ಲಿ ವೆನಿಸ್‌ನ ಲಾ ಫೆನೀಚೆ ರಂಗಮಂದಿರದಲ್ಲಿ ಮೊದಲು ಆಡಿದ್ದು. ಮೂರು ಅಂಕ, ಸುಮಾರು ಎರಡು ಗಂಟೆ.

ಕಥೆ ಮೊದಲೇ ಓದಿಕೊಳ್ಳಿ, ಮಜಾ ಹೋಗುವುದಿಲ್ಲ. ಗೂನುಬೆನ್ನಿನ ಆಸ್ಥಾನ ವಿದೂಷಕ, ಅವನ ಮಗಳು ಜಿಲ್ಡಾ, ಅವಳನ್ನು ಕೆಡಿಸುವ ಡ್ಯೂಕ್, ಅಂದರೆ ಅಲ್ಲಿನ ದೊರೆ. ಸೇಡಿಗಾಗಿ ಅಪ್ಪ ಕೊಲೆಗಾರನಿಗೆ ದುಡ್ಡು ಕೊಡುತ್ತಾನೆ. ರಾತ್ರಿ ಹೆಣದ ಮೂಟೆ ಕೈಗೆ ಬರುತ್ತದೆ. ಇನ್ನೇನು ನದಿಗೆ ಎಸೆಯಬೇಕು, ದೂರದಿಂದ ಡ್ಯೂಕನ ಹಾಡು ಕೇಳಿಸುತ್ತದೆ! ‘ಲಾ ದೊನ್ನಾ ಎ ಮೊಬಿಲೆ’, ಹೆಣ್ಣು ಚಂಚಲೆ ಅನ್ನುವ ಹಾಡು. ಹಾಗಾದರೆ ಮೂಟೆಯಲ್ಲಿರುವುದು ಯಾರು? ಸ್ವಲ್ಪ ಹೊತ್ತಿನ ಹಿಂದೆ ಖುಷಿಯಾಗಿ ಕೇಳಿದ ಅದೇ ಧಾಟಿ ಈಗ ಎದೆ ನಡುಗಿಸುತ್ತದೆ.

ಅದಕ್ಕೂ ಮುಂಚೆ, ಅದೇ ಅಂಕದಲ್ಲಿ, ನಾಲ್ವರು ಒಟ್ಟಿಗೆ ಹಾಡುವ ಭಾಗವನ್ನು ಎರಡು ಸಲ ಕೇಳಿ. ಕೊಲೆಗಾರನ ಮನೆಯೊಳಗೆ ಡ್ಯೂಕ್ ಇನ್ನೊಬ್ಬಳನ್ನು ಓಲೈಸುತ್ತಾನೆ, ಅವಳು ನಗುತ್ತಾಳೆ. ಹೊರಗೆ ಜಿಲ್ಡಾ ಅಳುತ್ತಾಳೆ, ಅಪ್ಪ ಸೇಡು ಅನ್ನುತ್ತಾನೆ. ಮಾತಿನ ನಾಟಕದಲ್ಲಾದರೆ ಇದು ಬರೀ ಗಲಾಟೆ, ಅಲ್ವಾ? ಇಲ್ಲಿ ನಾಲ್ಕೂ ಮನಸ್ಸು ಬೇರೆಬೇರೆಯಾಗಿ ಕೇಳಿಸುತ್ತವೆ.

ಹಿಡಿಸಿದರೆ ಮುಂದೆ ವೆರ್ದಿಯದೇ ಇನ್ನೊಂದು ಆಪೆರಾ ‘ಲಾ ತ್ರಾವಿಯಾತಾ’ ನೋಡಿ.