ಮಾನಿಟರ್ ಪಕ್ಕದಲ್ಲಿ ಮೊಬೈಲ್ ಇಡಬಹುದೇ?

ಪ್ರಶ್ನೆ: ತಾಯಿಗೆ ಮನೆಯಲ್ಲೇ ಇಸಿಜಿ ಮಾನಿಟರ್ ಹಾಕಿದ್ದೇವೆ. ಹಾಸಿಗೆಯ ಮೇಲೆ ಮೊಬೈಲ್ ಇದ್ದಾಗ ಪರದೆಯ ಗೆರೆ ಆಗಾಗ ನಡುಗುತ್ತದೆ. ಯಂತ್ರ ಕೆಟ್ಟಿದೆಯೇ?

ಉತ್ತರ: ಗೆರೆ ಕೆಟ್ಟರೆ ಮೊದಲು ನೋಡಬೇಕಾದದ್ದು ಯಂತ್ರವನ್ನಲ್ಲ, ತಾಯಿಯನ್ನು. ಎದೆನೋವು, ತಲೆಸುತ್ತು, ಏದುಸಿರು ಇದ್ದರೆ ತಕ್ಷಣ ವೈದ್ಯಕೀಯ ನೆರವು ಕರೆಸಿ. ಅವರು ಆರಾಮಾಗಿದ್ದರೆ ಮೊಬೈಲಿನ ಮೇಲೆ ಅನುಮಾನ ಪಡಬಹುದು. ಎದೆಯ ಪ್ಯಾಚ್‌ಗಳಿಗೆ ಸಿಗುವ ಸಂಕೇತ ಸುಮಾರು 1 ಮಿಲಿವೋಲ್ಟ್ ಅಷ್ಟೇ. ಅದನ್ನು ಹೊತ್ತು ತರುವ ಉದ್ದನೆಯ ವೈರುಗಳು ಆಂಟೆನಾದಂತೆ ಫೋನಿನ ರೇಡಿಯೋ ಅಲೆಯನ್ನೂ ಹಿಡಿದುಬಿಡುತ್ತವೆ.

ವೈದ್ಯಕೀಯ ಉಪಕರಣಗಳ ಐಇಸಿ 60601-1-2 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ, ಫೋನಿಗೂ ಯಂತ್ರಕ್ಕೂ ನಡುವೆ ಇರಬೇಕೆಂದು ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂತರ 30 ಸೆಂ.ಮೀ. ನಿಮ್ಮ ಕೈಪಿಡಿ ಇನ್ನೂ ಹೆಚ್ಚು ಹೇಳಿದ್ದರೆ ಅದನ್ನೇ ಪಾಲಿಸಿ. ಬಹಳಷ್ಟು ಜನ ಮಾನಿಟರ್ ಪೆಟ್ಟಿಗೆಯಿಂದ ಮಾತ್ರ ಅಳೆದು ತಪ್ಪು ಮಾಡುತ್ತಾರೆ; ಲೆಕ್ಕಕ್ಕೆ ಕೇಬಲ್ ಕೂಡ ಯಂತ್ರದ ಭಾಗವೇ. ಹಾಸಿಗೆಯ ಮೇಲೆ ಹಾಯ್ದಿರುವ ವೈರಿನ ಪಕ್ಕ ಫೋನ್ ಬಿದ್ದಿದ್ದರೆ ಪೆಟ್ಟಿಗೆ ಎರಡು ಮೀಟರ್ ಆಚೆ ಇದ್ದೂ ಉಪಯೋಗವಿಲ್ಲ. ಸಿಗ್ನಲ್ ಕ್ಷೀಣವಾಗಿರುವ ಕೋಣೆಯಲ್ಲಿ ಫೋನ್ ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡುವುದರಿಂದ ಅಲ್ಲಿ ಇನ್ನಷ್ಟು ದೂರವಿಡಿ.

ಫೋನ್ ಹೊರಗೊಯ್ದರೂ ಗೆರೆ ದಪ್ಪಗೆ, ಜುಂಗುಜುಂಗಾಗಿ ಕಂಡರೆ ಅದು ಹೆಚ್ಚಾಗಿ ಮನೆಯ ಕರೆಂಟಿನ 50 ಅಥವಾ 60 ಹರ್ಟ್ಸ್ ಗದ್ದಲ, ಅಂದರೆ ಸಂಕೇತದೊಳಗೆ ಬೆರೆತ ಬೇಡದ ಅಲೆ. ಒಣಗಿದ ಪ್ಯಾಚ್ ಬದಲಿಸಿ, ಇಸಿಜಿ ವೈರನ್ನು ಪವರ್ ಕಾರ್ಡಿನ ಜೊತೆ ಸುತ್ತಿಡಬೇಡಿ, ಚಾರ್ಜರುಗಳನ್ನೂ ವಿದ್ಯುತ್ ಕಂಬಳಿಯನ್ನೂ ದೂರ ಸರಿಸಿ. ತಯಾರಕರು ಸೂಚಿಸದ ಅಗ್ಗದ ಕೇಬಲ್ ಬೇಡವೇ ಬೇಡ. ಅದರ ಕವಚ ಸರಿಯಿಲ್ಲದಿದ್ದರೆ ಗದ್ದಲ ಒಳಗೂ ಬರುತ್ತದೆ, ಹೊರಗೂ ಹೋಗುತ್ತದೆ. ಕಿರಿಕಿರಿ ಎಂದು ಅಲಾರಂ ಮಾತ್ರ ಆರಿಸಬೇಡಿ. ಇಷ್ಟಾದರೂ ಸರಿಹೋಗದಿದ್ದರೆ ಯಂತ್ರವನ್ನು ತಂತ್ರಜ್ಞರಿಗೆ ತೋರಿಸಿ.

ಪ್ರಶ್ನೆ: ಪೇಸ್‌ಮೇಕರ್ ಇರುವವರು ಅಂಗಿಯ ಜೇಬಿನಲ್ಲಿ ಫೋನ್ ಇಡಬಹುದೇ? ಇಂಡಕ್ಷನ್ ಒಲೆ?

ಉತ್ತರ: ಎದೆಯ ಜೇಬು ಬೇಡ. ಫೋನಿಗೂ ಪೇಸ್‌ಮೇಕರಿಗೂ ಕನಿಷ್ಠ 15 ಸೆಂ.ಮೀ. ಅಂತರವಿರಲಿ, ಮಾತಾಡುವಾಗ ಪೇಸ್‌ಮೇಕರ್ ಇಲ್ಲದ ಬದಿಯ ಕಿವಿಗೆ ಹಿಡಿಯಿರಿ. ಇಲ್ಲಿ ಹೆಚ್ಚಿನ ಚಿಂತೆ ರೇಡಿಯೋ ಅಲೆಯದಲ್ಲ, ಆಯಸ್ಕಾಂತದ್ದು: ಕೆಲವು ಫೋನುಗಳಲ್ಲಿ, ಇಯರ್‌ಫೋನ್ ಡಬ್ಬಿಗಳಲ್ಲಿ, ಫೋನ್ ಕವರುಗಳಲ್ಲಿ ಬಲವಾದ ಆಯಸ್ಕಾಂತಗಳಿವೆ. ಆಯಸ್ಕಾಂತ ಹತ್ತಿರ ಬಂದರೆ ಸಾಮಾನ್ಯವಾಗಿ ಪೇಸ್‌ಮೇಕರ್ ಹೃದಯದ ಸ್ವಂತ ಬಡಿತವನ್ನು ಗಮನಿಸುವುದು ಬಿಟ್ಟು ನಿಗದಿತ ವೇಗದಲ್ಲಿ ಮಿಡಿಸತೊಡಗುತ್ತದೆ. ವೈದ್ಯರ ಅನುಕೂಲಕ್ಕೆಂದೇ ಇಟ್ಟ ವ್ಯವಸ್ಥೆ ಅದು, ಜೇಬಿನಲ್ಲಿ ತಾನಾಗಿ ಚಾಲೂ ಆಗಬಾರದು. ಹೃದಯದ ಬಡಿತ ಅಪಾಯಕಾರಿಯಾಗಿ ತಪ್ಪಿದಾಗ ಶಾಕ್ ಕೊಡುವ, ದೇಹದೊಳಗೆ ಅಳವಡಿಸಿದ ಐಸಿಡಿ ಎಂಬ ಸಾಧನ ಇದ್ದವರಿಗೆ ಅಪಾಯ ಹೆಚ್ಚು, ಏಕೆಂದರೆ ಆಯಸ್ಕಾಂತ ಹತ್ತಿರವಿರುವಷ್ಟು ಹೊತ್ತು ಬೇಕಾದ ಶಾಕ್ ಬರದೇ ಹೋಗಬಹುದು. ಇಂಡಕ್ಷನ್ ಒಲೆಯಿಂದ 60 ಸೆಂ.ಮೀ. ದೂರ ನಿಲ್ಲಿ, ಉರಿಯುತ್ತಿರುವಾಗ ಬಾಗಿ ನೋಡಬೇಡಿ.

ಪ್ರಶ್ನೆ: ಏರೋಪ್ಲೇನ್ ಮೋಡ್ ಹಾಕಿದರೆ ಸಾಕಲ್ಲವೇ?

ಉತ್ತರ: ಮಾನಿಟರ್ ವಿಷಯಕ್ಕೆ ಸಾಕು, ವೈಫೈ ಮತ್ತು ಬ್ಲೂಟೂತ್ ಕೂಡ ಆಫ್ ಆಗಿವೆಯೇ ನೋಡಿಕೊಳ್ಳಿ. ಪೇಸ್‌ಮೇಕರ್ ವಿಷಯಕ್ಕೆ ಸಾಲದು. ಫೋನ್ ಸ್ವಿಚ್ ಆಫ್ ಆದರೂ ಅದರೊಳಗಿನ ಆಯಸ್ಕಾಂತ ಆಫ್ ಆಗುವುದಿಲ್ಲ.