ರಾತ್ರಿ ಹತ್ತರ ನಂತರದ ಹಸಿವು

ಹೆಸರು, ಊರು, ಕೆಲಸದ ವಿವರಗಳನ್ನು ಬದಲಿಸಿದ್ದೇನೆ. ಆಕೆಯನ್ನು ಸೌಮ್ಯ ಎಂದು ಕರೆಯುತ್ತೇನೆ. ವಯಸ್ಸು 26, ಬೆಂಗಳೂರಿನ ಪಿಜಿಯೊಂದರಲ್ಲಿ ವಾಸ, ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಮನೋವೈದ್ಯರು ನನ್ನ ಬಳಿ ಕಳಿಸಿದ್ದು ಬೇರೆ ಕಾರಣಕ್ಕೆ: ಲೋನ್ ಆ್ಯಪ್‌ಗಳಲ್ಲಿ ಸಾಲ ಏರಿತ್ತು, ಒಮ್ಮೆ ಕೈ ಕುಯ್ದುಕೊಂಡಿದ್ದಳು. ದುಡುಕು ಬುದ್ಧಿ ಎಂದು ಮನೆಯವರ ದೂರು. ಊಟದ ಮಾತನ್ನು ಯಾರೂ ಎತ್ತಿರಲಿಲ್ಲ. ನೋಡುವವರಿಗೆ ಆಕೆ ಸಣಕಲಿಯೂ ಅಲ್ಲ, ದಪ್ಪವೂ ಅಲ್ಲ.

ಎತ್ತಿದವರು ಹಲ್ಲಿನ ಡಾಕ್ಟರು. ಮೇಲಿನ ಹಲ್ಲುಗಳ ಒಳಮೈ ಸವೆದಿದೆ, ಅಸಿಡಿಟಿ ಇದೆಯಾ ಎಂದು ಕೇಳಿದರಂತೆ. ಸೌಮ್ಯ ಅದನ್ನು ತಮಾಷೆಯಾಗಿ ಹೇಳಿ ಮಾತು ಬದಲಿಸಲು ನೋಡಿದಳು. ನಾನು ಸುತ್ತಿಬಳಸದೆ ಕೇಳಿದೆ: “ತಿಂದಿದ್ದನ್ನ ಬೇಕಂತಲೇ ವಾಂತಿ ಮಾಡೋದು ಉಂಟಾ?” ತುಂಬ ಹೊತ್ತು ಸುಮ್ಮನಿದ್ದು, “ಕಾಲೇಜಿನಿಂದಲೂ, ಮೇಡಂ” ಎಂದಳು.

ಮಿತಿಮೀರಿ ತಿಂದು, ತೂಕ ಏರದಿರಲೆಂದು ಬೇಕಂತಲೇ ವಾಂತಿ ಮಾಡುವಂಥ ಈ ಕಾಯಿಲೆಗೆ ಬುಲಿಮಿಯಾ ಎನ್ನುತ್ತಾರೆ. ಇದು ಇರುವ ಹೆಚ್ಚಿನವರ ತೂಕ ಸಾಮಾನ್ಯವಾಗಿಯೇ ಇರುತ್ತದೆ. 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಇದನ್ನು ಪ್ರತ್ಯೇಕವಾಗಿ ಗುರುತಿಸಿ ಬರೆಯುವವರೆಗೆ ವೈದ್ಯಲೋಕಕ್ಕೂ ಇದರ ಸ್ಪಷ್ಟ ಚಿತ್ರ ಇರಲಿಲ್ಲ. ಹಾಗಿರುವಾಗ ತಂದೆತಾಯಿಗೆ ಗೊತ್ತಾಗಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.

ಒಂದು ನೋಟ್‌ಬುಕ್ ಇಡಲು ಹೇಳಿದೆ. ತೂಕ ಬೇಡ, ಕ್ಯಾಲೊರಿ ಬೇಡ; ಎಷ್ಟು ಹೊತ್ತಿಗೆ ಏನು ತಿಂದಿರಿ, ಅದಕ್ಕೆ ಮುಂಚೆ ಏನು ನಡೆಯಿತು, ಅಷ್ಟೇ. ಆಕೆ ಬರೆದು ತಂದದ್ದನ್ನು ಓದಿದರೆ ಎಲ್ಲ ದಿನವೂ ಒಂದೇ ದಿನದ ಹಾಗೆ ಇತ್ತು. ಬೆಳಿಗ್ಗೆ ಬರೀ ಕಾಫಿ. ಮಧ್ಯಾಹ್ನ ಡಬ್ಬಿ ಅರ್ಧ ಖಾಲಿ. ಸೋಮವಾರ, ಶನಿವಾರ ಉಪವಾಸ. ರಾತ್ರಿ ಎಂಟೂವರೆಗೆ ಅಮ್ಮನ ಫೋನ್: ಹುಡುಗನ ಕಡೆಯವರು ಹೀಗಂದರು, ಫೋಟೋದಲ್ಲಿ ಮುಖ ತುಂಬಿಕೊಂಡ ಹಾಗಿದೆ ಅಂದರು. ಹತ್ತರ ಮೇಲೆ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಬಿರಿಯಾನಿ, ಕೇಕು, ಏನು ಸಿಕ್ಕರೆ ಅದು ಆರ್ಡರ್. ಆಮೇಲೆ ಬಚ್ಚಲು. ಆರ್ಡರ್ ಮಾಡದ ರಾತ್ರಿಗಳಲ್ಲಿ, ಅದೇ ಹೊತ್ತಿಗೆ, ಬಟ್ಟೆ ಖರೀದಿ. ಕೈ ಕುಯ್ದುಕೊಂಡದ್ದೂ ಅದೇ ಹೊತ್ತಿನಲ್ಲಿ.

ಹಾಗಾದರೆ ಇವಳು ದುಡುಕಿಯೇ? ಆಫೀಸಿನಲ್ಲಿ ಪ್ರತಿ ಬಿಲ್ಲನ್ನೂ ಎರಡೆರಡು ಸಲ ನೋಡಿ ಸಹಿಗೆ ಕಳಿಸುವವಳು, ರಸ್ತೆ ದಾಟಲು ಹಿಂಜರಿಯುವವಳು. ಆಕೆಯದು ಇಡೀ ಸ್ವಭಾವದ ದುಡುಕಲ್ಲ. ಅವಮಾನ, ಒಂಟಿತನ, ಸಿಟ್ಟು ತಡೆಯಲಾಗದ ಮಟ್ಟಕ್ಕೆ ಏರಿದಾಗ ಮಾತ್ರ ‘ಈಗಲೇ ಏನಾದರೂ ಮಾಡಬೇಕು’ ಎನ್ನಿಸುವ ತುರ್ತು. ವೈಟ್‌ಸೈಡ್ ಮತ್ತು ಲೈನಮ್ ಎಂಬ ಸಂಶೋಧಕರು 2001ರಲ್ಲಿ ದುಡುಕಿನ ಬಗೆಗಳನ್ನು ಬಿಡಿಸಿಟ್ಟಾಗ ಇದನ್ನು ಬೇರೆಯಾಗಿಯೇ ಹೇಳಿದರು. ಮಿತಿಮೀರಿ ತಿನ್ನುವ ಕಾಯಿಲೆಗಳ ಜೊತೆ ಗಟ್ಟಿಯಾಗಿ ಹೆಣೆದುಕೊಂಡಿರುವುದು ಈ ಬಗೆ. ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆಯಾದ ಎಡಿಎಚ್‌ಡಿ ಇರುವವರಲ್ಲಿ ದಾರಿ ಸ್ವಲ್ಪ ಬೇರೆ ಇರಬಹುದು, ಅದನ್ನು ವೈದ್ಯರು ನೋಡಬೇಕು. ಭಾವನೆ, ಸಂಬಂಧಗಳು ವಿಪರೀತ ಏರುಪೇರಾಗುವ ‘ಬಾರ್ಡರ್‌ಲೈನ್ ವ್ಯಕ್ತಿತ್ವ’ ಎಂಬ ಸಮಸ್ಯೆಯ ಲಕ್ಷಣಗಳ ಪಟ್ಟಿಯಲ್ಲಂತೂ ದುಂದುವೆಚ್ಚ, ಕುಡಿತ, ವಾಹನ ಓಡಿಸುವ ಹುಚ್ಚುತನದ ಪಕ್ಕದಲ್ಲೇ ಮಿತಿಮೀರಿ ತಿನ್ನುವುದೂ ಇದೆ. ಸೌಮ್ಯಳಿಗೆ ಆ ಹಣೆಪಟ್ಟಿ ಹೊಂದುವುದಿಲ್ಲ ಎಂದು ಮನೋವೈದ್ಯರು ನೋಡಿ ಹೇಳಿದರು.

ತುರ್ತಿನ ಇನ್ನೊಂದು ಅರ್ಧ ಬರೀ ಹಸಿವು. ಇದನ್ನು ನಂಬಿಸುವುದೇ ಕಷ್ಟ. “ನನಗೆ ಕಂಟ್ರೋಲ್ ಇಲ್ಲ” ಎಂದು ಆಕೆ ಹೇಳುತ್ತಿದ್ದಳು. ನನಗೆ ಕಂಡದ್ದು ಹಗಲೆಲ್ಲ ಅತಿಯಾದ ಕಂಟ್ರೋಲು. 1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಆರೋಗ್ಯವಂತ ಗಂಡಸರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದ್ದರು. ಮತ್ತೆ ಬೇಕಾದಷ್ಟು ತಿನ್ನಲು ಬಿಟ್ಟಾಗ ಅವರಲ್ಲೂ ಕೆಲವರು ನಿಲ್ಲಿಸಲಾರದೆ ತಿಂದರು. ಇದನ್ನು ಹೇಳಿದಾಗ ಸೌಮ್ಯ ಮೊದಲ ಬಾರಿಗೆ ಅತ್ತಳು.

ಆದ್ದರಿಂದ ಮೊದಲ ಸಲಹೆ ರಾತ್ರಿಯದಲ್ಲ, ಬೆಳಗಿನದು. ಮೂರು ಹೊತ್ತು ಊಟ, ನಡುವೆ ಎರಡು ಸಲ ಸಣ್ಣ ತಿಂಡಿ, ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬಾರದು. ಹಿಂದಿನ ರಾತ್ರಿ ಏನೇ ಆಗಿದ್ದರೂ ಬೆಳಿಗ್ಗೆ ಉಪ್ಪಿಟ್ಟು ತಿನ್ನಲೇಬೇಕು. ಅದನ್ನು ಬಿಟ್ಟರೆ ಮುಂದಿನ ರಾತ್ರಿಗೆ ತಯಾರಿ ಶುರುವಾಯಿತೆಂದೇ ಲೆಕ್ಕ. ಉಪವಾಸದ ವಿಷಯಕ್ಕೆ ತಾಯಿಯನ್ನು ಕರೆಸಿದೆ. “ದೇವರ ಹರಕೆ ಮೇಡಂ, ಹೆಂಗೆ ಬಿಡ್ಸೋದು?” ಎಂದರು. ಹರಕೆ ಬಿಡುವುದು ಬೇಡ, ಹುಷಾರಾಗುವ ತನಕ ಅವಳ ಬದಲು ನೀವು ಮಾಡಿ ಎಂದೆ. ಒಪ್ಪಿದರು, ಸುಲಭವಾಗಿಯಲ್ಲ.

ಮನೋವೈದ್ಯರಿಗೆ ಎಲ್ಲವನ್ನೂ ತಿಳಿಸಲು ಆಕೆಯ ಒಪ್ಪಿಗೆ ಪಡೆದೆ. ರಾತ್ರಿ ಮಾತ್ರೆ ವಾಂತಿಯಲ್ಲಿ ಹೋಗುತ್ತಿತ್ತು; ಅವರು ಹೊತ್ತು ಬದಲಿಸಿದರು, ಆಕೆ ತೆಗೆದುಕೊಳ್ಳುತ್ತಿದ್ದ ಖಿನ್ನತೆಯ ಮಾತ್ರೆ ಫ್ಲೂಆಕ್ಸೆಟಿನ್ ಅನ್ನು ನಿಧಾನವಾಗಿ 60 ಮಿಲಿಗ್ರಾಂಗೆ ಏರಿಸಿದರು; ಬುಲಿಮಿಯಾಕ್ಕೆ ಬೇಕಾಗುವುದು ಖಿನ್ನತೆಗೆ ಸಾಮಾನ್ಯವಾಗಿ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ. ರಕ್ತದ ಪೊಟ್ಯಾಸಿಯಂ, ಇಸಿಜಿ ಎರಡನ್ನೂ ಮಾಡಿಸಿದರು. ಪದೇಪದೇ ವಾಂತಿಯಾದರೆ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ಎದೆ ಡವಗುಟ್ಟಿದರೆ, ತಲೆ ತಿರುಗಿ ಬಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ ನನಗೆ ಫೋನ್ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ. ಸಾಯಬೇಕೆನ್ನಿಸಿದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ, ಜೊತೆಗೆ ರೂಮ್‌ಮೇಟ್‌ಳನ್ನು ಎಬ್ಬಿಸಬೇಕು. ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ, ಬಾಯಿ ಮುಕ್ಕಳಿಸಿ ಸಾಕು, ಎಂಬುದನ್ನೂ ಹೇಳಿದೆ. ಆಮ್ಲದಿಂದ ಮೆತ್ತಗಾದ ಹಲ್ಲು ಉಜ್ಜಿದರೆ ಇನ್ನಷ್ಟು ಸವೆಯುತ್ತದೆ.

ಆಮೇಲೆ ರಾತ್ರಿ. ತುರ್ತು ಜ್ವರದ ಹಾಗೆ ಏರಿ ತಾನಾಗಿ ಇಳಿಯುತ್ತದೆ; ಇಳಿಯುವವರೆಗೆ ಫೋನು, ದುಡ್ಡು ಕೈಗೆ ಸಿಗದಂತೆ ಮಾಡಬೇಕು. ಫೋನಿನಲ್ಲಿ ಉಳಿಸಿದ್ದ ಕಾರ್ಡ್ ವಿವರ ಅಳಿಸಿದಳು, ಲೋನ್ ಆ್ಯಪ್ ತೆಗೆದಳು, ಒಂಬತ್ತೂವರೆಗೆ ಫೋನ್ ರೂಮ್‌ಮೇಟ್ ಕೈಗೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಮುಖವನ್ನು ತಣ್ಣೀರಿನಲ್ಲಿ ಅದ್ದುವ ಉಪಾಯವಿದೆ. ಅದು ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ, ಹಾಗಾಗಿ ಇಸಿಜಿ ವರದಿ ನೋಡಿ ವೈದ್ಯರು ಸರಿ ಎಂದ ಮೇಲಷ್ಟೇ ಕಲಿಸಿದೆ.

ವಾಂತಿ ಕಡಿಮೆಯಾಗುತ್ತಿದ್ದಂತೆ ಖರೀದಿ ಜಾಸ್ತಿಯಾಯಿತು. ಒಂದು ಚಟ ನಿಂತಾಗ ಇನ್ನೊಂದು ತಲೆಯೆತ್ತುವುದು ಇಂಥವರಲ್ಲಿ ಹೊಸದಲ್ಲ. 1986ರಲ್ಲೇ ಲೇಸಿ ಮತ್ತು ಇವಾನ್ಸ್ ಎಂಬ ಸಂಶೋಧಕರು ಇದನ್ನು ಬರೆದಿದ್ದಾರೆ. ಹಾಗಾಗಿ ಊಟಕ್ಕೊಂದು, ಸಾಲಕ್ಕೊಂದು, ಕೈಗಾಯಕ್ಕೊಂದು ಎಂದು ಬೇರೆ ಬೇರೆ ಪಥ್ಯ ಮಾಡದೆ ಎಂಟೂವರೆಯ ಫೋನಿಗೇ ಬಂದೆವು. ಮದುವೆಯ ಮಾತು ಭಾನುವಾರ ಬೆಳಿಗ್ಗೆ ಮಾತ್ರ, ಮೈಯ ಮಾತು ಯಾವತ್ತೂ ಇಲ್ಲ. ಮಗಳು ಊರಿಗೆ ಬಂದಾಗ ಬಚ್ಚಲ ಬಾಗಿಲಲ್ಲಿ ಕಾವಲು ನಿಲ್ಲಬೇಡಿ, ಊಟವಾದ ಮೇಲೆ ಒಂದು ಗಂಟೆ ಜೊತೆಗೆ ಕೂತು ಹರಟಿ ಎಂದು ತಾಯಿಗೆ ಹೇಳಿದೆ.

ಈಗ ಹೆಚ್ಚಿನ ವಾರಗಳು ವಾಂತಿಯಿಲ್ಲದೆ ಕಳೆಯುತ್ತವೆ, ಕೆಲವು ಹಾಗಿರುವುದಿಲ್ಲ. ಸಾಲ ಇನ್ನೂ ತೀರಿಲ್ಲ. ಮೊನ್ನೆ ತಾಯಿ ಮೆಲ್ಲಗೆ ಕೇಳಿದರು: “ಹುಡುಗನ ಕಡೆಯವರಿಗೆ ಇದನ್ನ ಹೇಳ್ಬೇಕಾ ಮೇಡಂ?” ಹೇಳುವುದು, ಯಾವಾಗ ಹೇಳುವುದು, ಸೌಮ್ಯಳಿಗೆ ಬಿಟ್ಟದ್ದು ಎಂದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಗೋಪ್ಯತೆ ಆಕೆಯ ಹಕ್ಕು. ಯಾರಾದರೂ ಬಂದು ವಿಚಾರಿಸಿದರೆ, ಆಕೆ ನನ್ನ ಬಳಿ ಬರುತ್ತಾಳೋ ಇಲ್ಲವೋ ಎಂಬುದನ್ನೂ ನಾನು ಹೇಳುವುದಿಲ್ಲ.