ಹಳೇ ಎಂಜಿಬಿಗೆ ದೊಡ್ಡ ಎಂಜಿನ್

ಪ್ರಶ್ನೆ: ಅಜ್ಜ ಓಡಿಸುತ್ತಿದ್ದ ಎಂಜಿಬಿ ಸ್ಪೋರ್ಟ್ಸ್ ಕಾರು ನನ್ನ ಹತ್ತಿರ ಇದೆ. 1798 ಸಿಸಿ. ಆಗುಂಬೆ ಘಾಟಿ ಹತ್ತುವಾಗ ದಮ್ ಸಾಲದು. ಬೋರ್ ಮಾಡಿಸಿ (ಸಿಲಿಂಡರ್ ಕೊರೆಸಿ ಅಗಲ ಮಾಡಿಸಿ) ಸಿಸಿ ಜಾಸ್ತಿ ಮಾಡಬಹುದಾ ಸರ್?
– ಓದುಗರು, ತೀರ್ಥಹಳ್ಳಿ

ಉತ್ತರ: ಖಂಡಿತ ಮಾಡಬಹುದು. ಮೂಲ ಬೋರ್, ಅಂದ್ರೆ ಸಿಲಿಂಡರಿನ ಒಳ ಅಗಲ, 80.26 ಮಿ.ಮೀ.; ಸ್ಟ್ರೋಕ್, ಅಂದ್ರೆ ಅದರೊಳಗೆ ಪಿಸ್ಟನ್ ಚಲಿಸುವ ದೂರ, 88.9 ಮಿ.ಮೀ. ಬೋರನ್ನು 83ಕ್ಕೆ ಏರಿಸಿದರೆ ಸುಮಾರು 1924 ಸಿಸಿ ಆಗುತ್ತದೆ. ಆದರೆ ಸುಮ್ನೆ ಲೇತ್ ಅಂಗಡಿಗೆ ಕೊಟ್ಟುಬಿಡಬೇಡಿ. ಹಳೇ ಎಂಜಿನ್ ಬ್ಲಾಕಿನಲ್ಲಿ (ಸಿಲಿಂಡರುಗಳಿರುವ ಭಾಗ) ತಂಪು ಮಾಡುವ ನೀರು ಹರಿಯುವ ಜಾಗ ಒಳಗಿಂದಲೇ ತುಕ್ಕು ತಿಂದಿರುತ್ತದೆ, ಹೊರಗಿಂದ ಕಾಣೋದಿಲ್ಲ, ಹಾಗಾಗಿ ಸಿಲಿಂಡರ್ ಗೋಡೆ ಎಷ್ಟು ದಪ್ಪ ಉಳಿದಿದೆ ಅಂತ ಅಲ್ಟ್ರಾಸೌಂಡ್ ಮೀಟರಿನಲ್ಲಿ ಸುತ್ತಲೂ ಅಳೆಸಿ. ತೆಳುವಾಗಿದ್ದರೆ ಘಾಟಿಯ ಬಿಸಿಗೆ ಬಿರುಕು ಬಿಡುತ್ತದೆ. ಪಿಸ್ಟನ್ ಮೊದಲು ತರಿಸಿ, ಅದರ ಅಳತೆಗೇ ಬೋರ್ ಮಾಡಿಸಿ. ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಸೂಜಿಯೂ ಬದಲಾಗಬೇಕು. ಆರ್‌ಟಿಒ ಅನುಮತಿ ಮಾತ್ರ ಕೆಲಸಕ್ಕೆ ಮುಂಚೆಯೇ ಕೇಳಿ, ಆರ್‌ಸಿಯಲ್ಲಿ ಸಿಸಿ ನಮೂದಾಗಿರುತ್ತದೆ ಅಲ್ವಾ.